ಪರಿಚಯಕ್ಕೆ ಎರಡು ಸಾಲು

ಎರಡೇ ಸಾಲು ಸಾಕು ಅಂದಿರಿ, ಜವರಪ್ಪ ಮೇಷ್ಟ್ರೇ,
ಗುರು ಯಾರು, ಪರಂಪರೆ ಯಾವುದು, ಶೈಲಿ ಎಂಥದು,
ನಿರೂಪಣೆಗೆ ಬೇಕು, ಸಂಜೆಯೊಳಗೆ ಕಳಿಸಮ್ಮ ಅಂತ.
ಬೆಳಗಿನಿಂದ ಬರೆದು ಬರೆದು ಹೊಡೆದುಹಾಕುತ್ತಿದ್ದೇನೆ.

ಅಪ್ಪ ಚಿನ್ನಪ್ಪ, ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟು.
ಕೆಂಪು ಕೋಟು, ಹೆಗಲಿಗೆ ಜರಿಯ ಕುಚ್ಚು,
ಕಾಲಲ್ಲಿ ಹವಾಯಿ ಚಪ್ಪಲಿ.
ಹಾಸನದ ಎಷ್ಟೋ ಮದುಮಕ್ಕಳು
ಅವರ ಬೆನ್ನು ನೋಡಿಕೊಂಡೇ ಛತ್ರ ಸೇರಿದ್ದು.
ಊದಿದ್ದೆಲ್ಲ ಸಿನಿಮಾ ಹಾಡು. ಮನೆಯಲ್ಲಿ ರೇಡಿಯೊ ಇರಲಿಲ್ಲ.
ಆ ಹಾಡುಗಳಿಗೆ ಮಾತೂ ಇದೆಯೆಂದು ಗೊತ್ತಾದದ್ದು
ಆರನೇ ಕ್ಲಾಸಿನಲ್ಲಿ, ಪಕ್ಕದ ಬೆಂಚಿನ ಜುಬೇದಾ ಹಾಡಿದಾಗ.
ನಮ್ಮಪ್ಪನ ಹಾಡಿಗೆ ಏನೇನೋ ಅಂಟಿಸಿದ್ದಾಳೆಂದು
ಅವಳ ಜಡೆ ಎಳೆದಿದ್ದೆ.

ಹೆಣ್ಣುಹುಡುಗಿ ಊದಬಾರದು, ತುಟಿ ಕೆಡುತ್ತದೆ
ಅಂದದ್ದು ಅಜ್ಜಿ.
ಹಾಗಾಗಿ ಎಲ್ಲರೂ ಮಲಗಿದ ಮೇಲೆ
ಊದದೆ ಕಲಿತೆ. ಬೆರಳು ಮಾತ್ರ.
ಟಕ್ ಟಕ್ ಎಂದು ಕೀಗಳ ಸದ್ದು,
ಕತ್ತಲಲ್ಲಿ ಯಾರೋ ಹುಣಸೆಬೀಜ ಎಣಿಸಿದ ಹಾಗೆ.
ಮೂರು ವರ್ಷ ಉಸಿರಿಲ್ಲದ ಸಂಗೀತ.
ಈಗಲೂ ರೆಕಾರ್ಡಿಂಗಿನಲ್ಲಿ ಆ ಟಕ್ ಟಕ್ ಕೇಳುತ್ತದೆ,
ತೆಗೆದುಹಾಕಿ ಅನ್ನುತ್ತಾರೆ ಕೆಲವರು.
ಬೇಕಾದರೆ ಸ್ವರ ತೆಗೆದೇನು.

ಅವ್ವ ಕಾಫಿ ಕ್ಯೂರಿಂಗಿನಲ್ಲಿ ಬೀಜ ಆರಿಸುತ್ತಿದ್ದಳು.
ಉದ್ದ ಮೇಜು, ಎರಡೂ ಕಡೆ ಕೈಗಳು, ಮಾತಾಡುವಂತಿಲ್ಲ.
ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ:
ಒಳ್ಳೆಯದು ಈಚೆಗೆ, ಒಡಕು ಆಚೆಗೆ,
ಕರಿದು ತಗಡಿನ ಡಬ್ಬಿಗೆ, ಟಣ್.
ಆ ಟಣ್ ಯಾವಾಗ ಬಿದ್ದೀತೆಂದು ಹೇಳಲಾಗದು.
ಏಳಕ್ಕೊಮ್ಮೆ, ಕೆಲವು ಸಲ ಹನ್ನೊಂದಕ್ಕೆ,
ಮಾಲು ಕೆಟ್ಟಿದ್ದರೆ ಮೂರಕ್ಕೇ.
ಮೊನ್ನೆ ಮೈಸೂರಿನ ವಿದ್ವಾಂಸರೊಬ್ಬರು
ನನ್ನ ತಾಳಕ್ಕೆ ಬೆರಳು ಮಡಿಸಿ ಮಡಿಸಿ ಸೋತು
ಇದು ಯಾವ ಲೆಕ್ಕವಮ್ಮ ಎಂದರು.
ರೋಬಸ್ಟಾ ಲೆಕ್ಕ ಸಾರ್, ಅಂದೆ. ಅವರು ನಗಲಿಲ್ಲ.

ಶೈಲಿ ಅಂದಿರಲ್ಲ.
ಅಪ್ಪನ ಮುಂದಿನ ಹಲ್ಲು ಒಂದು ದಿಬ್ಬಣದಲ್ಲಿ ಹೋಯಿತು,
ಕುಡಿದು ಕುಣಿಯುತ್ತಿದ್ದ ಬೀಗರ ಮೊಣಕೈ.
ಅಲ್ಲಿಂದಾಚೆಗೆ ಮೇಲಿನ ಷಡ್ಜ ಸಿಗದೆ
ಅದರ ಹೊಸ್ತಿಲವರೆಗೆ ಹೋಗಿ,
ಒಂದು ಗಳಿಗೆ ಸುಮ್ಮನೆ ನಿಂತು,
ಇಳಿದುಬರುತ್ತಿದ್ದರು.
ಹಾಡೇ ಹಾಗೆ ಅಂದುಕೊಂಡು ಕಲಿತೆ ನಾನು.
ನನ್ನ ಒಂದೊಂದು ರಚನೆಯೂ ಆ ಹೊಸ್ತಿಲಿಂದಲೇ ಹಿಂದಿರುಗುತ್ತದೆ,
ಎಂಥ ವಿಷಾದ ಅನ್ನುತ್ತಾರೆ ಕೇಳಿದವರು.
ವಿಷಾದವಲ್ಲ, ಹಲ್ಲು.

ಸ್ವಂತದ್ದು ಶುರುವಾದದ್ದು ಹೊಟ್ಟೆಪಾಡಿಗೆ.
ಬಿ.ಎಂ. ರಸ್ತೆ, ಬ್ಯಾಟರಿ ಅಂಗಡಿಯ ಮಹಡಿ,
ಲೋಕಣ್ಣನ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟಿಂಗು.
ಸಿನಿಮಾ ಹಾಡು ಹಾಕಿದರೆ ಹಕ್ಕಿನವರು ಸದ್ದು ಅಡಗಿಸುತ್ತಿದ್ದರು,
ಧಾರೆ ಎರೆಯುವಾಗ ಮೂಕ, ಅಕ್ಷತೆ ಬೀಳುವಾಗ ಮೂಕ,
ಗಿರಾಕಿ ಬಂದು ಕುರ್ಚಿ ಒದೆಯುತ್ತಿದ್ದರು.
ನೀನೇ ಏನಾದ್ರೂ ಬಾರಿಸು ಮಾರಾಯ್ತಿ, ಅಂದ ಲೋಕಣ್ಣ.
ರಾತ್ರಿ ಎರಡಕ್ಕೆ, ಲಾರಿಗಳ ಸದ್ದು ತೆಳುವಾದ ಮೇಲೆ,
ಮೈಕಿನ ಜೊತೆ ಕಂಬಳಿಯೊಳಗೆ ಕೂತು
ಮೊದಲ ಸಲ ಗಟ್ಟಿಯಾಗಿ ಊದಿದೆ.
ಅರಕಲಗೂಡಿನ ಯಾವುದೋ ಮದುಮಗಳ ಮೊಬೈಲಿನಲ್ಲಿ
ನನ್ನ ಮೊದಲ ಕೃತಿ ಇದೆ,
ನಾಲ್ಕು ನಿಮಿಷ. ಅವಳ ಹೆಸರಿದೆ, ಅವನ ಹೆಸರಿದೆ,
ಕೇಟರಿಂಗಿನವರ ಫೋನ್ ನಂಬರೂ ಇದೆ.

ಎರಡು ಸಾಲು ಮೀರಿತು, ಕ್ಷಮಿಸಿ.
ಇದರಲ್ಲಿ ಯಾವುದು ಬೇಕೋ ನೀವೇ ಆರಿಸಿಕೊಳ್ಳಿ,
ಕರಿದು ಡಬ್ಬಿಗೆ ಹಾಕಿ.
ಹೆಸರು ಮಾತ್ರ ಸುಸನ್ನ.
ಹೋದ ವರ್ಷ ಸುಶೀಲಾ ಅಂತ ಕೂಗಿದಿರಿ,
ಬೇರೆ ಯಾರೋ ವೇದಿಕೆ ಹತ್ತಿ ಹಾರ ಹಾಕಿಸಿಕೊಂಡರು.
ಕೈಯಿಲ್ಲದ ಕುರ್ಚಿ ಒಂದು ಹಾಕಿಸಿ.
ಇನ್ನು, ಅಪ್ಪ ಬರುತ್ತಾರೆ.
ಬಾಗಿಲ ಬಳಿ ಸೀಟು ಕೊಡಿ,
ನಾನು ಊದುವಾಗ ಅವರು ಎದ್ದು ಹೊರಗೆ ಹೋದರೆ
ಹಿಡಿದು ಕೂರಿಸಬೇಡಿ.
ಬ್ಯಾಂಡಿನವರು, ಮೇಷ್ಟ್ರೇ.
ನಡೆಯುತ್ತಲೇ ಕೇಳಿ ಅಭ್ಯಾಸ.